ಚೀಟಿ ಅಕ್ಕನವರು ಮತ್ತು ಧ್ವನಿಕೋಣೆಯ ಬೀಗ

ಒಂದು ದೊಡ್ಡ ಆಸ್ಪತ್ರೆಯ ಕೀರ್ತಿಯನ್ನು ಹೇಳುವವರು ಮೊದಲು ಶಸ್ತ್ರವೈದ್ಯರನ್ನು ನೆನೆಯುತ್ತಾರೆ, ಆಮೇಲೆ ದಾದಿಯರನ್ನು, ತೀರಾ ಉದಾರಿಗಳಾದರೆ ಅಡುಗೆಮನೆಯವರನ್ನೂ ನೆನೆಯುತ್ತಾರೆ. ಗಣಕಯಂತ್ರ ಶಾಖೆಯವರನ್ನು ನೆನೆಯುವುದು ಯಂತ್ರ ಕೆಟ್ಟಾಗ ಮಾತ್ರ, ಅದೂ ಬಯ್ಯುವುದಕ್ಕೆ. ಇಂಥ ಶಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಅದರಲ್ಲಿ ಹತ್ತೊಂಬತ್ತು ವರ್ಷ ಮುಖ್ಯಸ್ಥೆಯಾಗಿದ್ದು, ಬಯ್ಗುಳವನ್ನು ತಾವು ಕೇಳಿಸಿಕೊಂಡು ಕೆಲಸವನ್ನು ನಮಗೆ ಕಲಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಅಕ್ಕನವರ ಬಗ್ಗೆ ಬರೆಯುವ ಗೌರವ ನನಗೆ ಒದಗಿದೆ. ಅವರು ಯಾವ ಸಮ್ಮೇಳನದಲ್ಲೂ ಪ್ರಬಂಧ ಮಂಡಿಸಿದವರಲ್ಲ. ಆದರೆ ಸುತ್ತಮುತ್ತಲಿನ ಆಸ್ಪತ್ರೆಗಳಲ್ಲಿ ಯಂತ್ರವೊಂದು ಬೀಗ ಹಾಕಿಕೊಂಡು ಕೂತು ಯಾರಿಗೂ ಜಗ್ಗದೆ ಹೋದಾಗ, ಕೊನೆಗೆ ಫೋನು ಬರುತ್ತಿದ್ದುದು ನಮ್ಮ ನೆಲಮಾಳಿಗೆಯ ಕೋಣೆಗೇ.

ಅಕ್ಕನವರು ಸೇವೆಗೆ ಸೇರಿದ್ದು ನೋಂದಣಿ ಕಿಟಕಿಯ ಬೆರಳಚ್ಚುಗಾರ್ತಿಯಾಗಿ. ಆಗ ಇಡೀ ಆಸ್ಪತ್ರೆಗೆ ಇದ್ದದ್ದು ಎರಡೇ ಕಂಪ್ಯೂಟರ್. ಎರಡಕ್ಕೂ ಬಟ್ಟೆಯ ಮುಸುಕು, ಕೋಣೆಯ ಹೊರಗೆ ಚಪ್ಪಲಿ ಬಿಡಬೇಕೆಂಬ ಫಲಕ. ಕೆಟ್ಟರೆ ಕಂಪನಿಯ ಎಂಜಿನಿಯರು ಬರಲು ನಾಲ್ಕು ದಿನ ಬೇಕಿತ್ತು. ಐದನೆಯ ಸಲ ಕೆಟ್ಟಾಗ ಇವರೇ ಸ್ಕ್ರೂ ಬಿಚ್ಚಿದರು, ಮತ್ತೆ ಬೆರಳಚ್ಚಿಗೆ ಮರಳಲೇ ಇಲ್ಲ.

ಏನನ್ನಾದರೂ ಬದಲಾಯಿಸುವ ಮೊದಲು ಅದು ಈಗ ಹೇಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯುವುದು ಅವರ ಪದ್ಧತಿ. ಬರೆದಾದ ಮೇಲೆಯೇ ಕೈ ಮುಂದೆ ಹೋಗುತ್ತದೆ. ಹೀಗಾಗಿ ಅವರು ಎಲ್ಲರ ಬಾಯಲ್ಲಿ 'ಚೀಟಿ ಅಕ್ಕ' ಆದರು. "ಡಾಕ್ಟರೂ ಚೀಟಿ ಬರೀತಾರೆ, ಅಕ್ಕಾನೂ ಬರೀತಾರೆ. ಅಕ್ಕಂದು ಓದೋಕಾಗುತ್ತೆ, ಅಷ್ಟೇ" ಎಂದು ಔಷಧ ವಿಭಾಗದವರು ಇಂದಿಗೂ ಹೇಳುತ್ತಾರೆ.

ವಾರ್ಡಿನಲ್ಲಿ ಆಯಾ ಆಗಿದ್ದ ಹಿರಿಯರೊಬ್ಬರನ್ನು ಸೊಂಟನೋವಿನ ಕಾರಣದಿಂದ ಐವತ್ತನೆಯ ವಯಸ್ಸಿನಲ್ಲಿ ದಾಖಲೆ ಕೋಣೆಗೆ ಹಾಕಿದಾಗ, ಅವರು ಕೀಲಿಮಣೆಯನ್ನು ಕಂಡು ಮೂರು ದಿನ ಅತ್ತರು. ಅಕ್ಕನವರು ಸಮಾಧಾನದ ಮಾತೇನೂ ಹೇಳಲಿಲ್ಲ. ಕೀಲಿಗಳ ಮೇಲೆ ದಪ್ಪ ಅಕ್ಷರ ಬರೆದ ಕಾಗದ ಅಂಟಿಸಿ, ಎರಡು ತಿಂಗಳು ತಮ್ಮ ಊಟದ ಅರ್ಧ ಗಂಟೆಯನ್ನು ಆ ಮೇಜಿನ ಪಕ್ಕದಲ್ಲಿ ಕಳೆದರು. ಇಂದು ಆ ಕೋಣೆಯಲ್ಲಿ ಅತ್ಯಂತ ವೇಗವಾಗಿ ಟೈಪ್ ಮಾಡುವವರು ಆ ಆಯಾ ಅವರೇ, ಮತ್ತು ಆ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇದೆ.

ನಾನು ಶಾಖೆಗೆ ಸೇರಿದ್ದು ಒಂಬತ್ತು ವರ್ಷಗಳ ಹಿಂದೆ, ಕೈತುಂಬ ಪ್ರಮಾಣಪತ್ರ ಮತ್ತು ಅದಕ್ಕಿಂತ ಹೆಚ್ಚು ಬಾಯಿ ಹೊತ್ತುಕೊಂಡು. ಜೇಬಿನಲ್ಲಿ ಕ್ಯಾಮೆರಾ ಇರುವ ಕಾಲದಲ್ಲಿ ಚೀಟಿ ಬರೆಯುವುದು ನನಗೆ ನಗೆಪಾಟಲಾಗಿ ಕಂಡಿತು. ಮೊದಲ ದಿನವೇ ಅಕ್ಕನವರು ಒಂದು ನಿಷೇಧ ಹೇಳಿದ್ದರು: "ಏನು ಬೇಕಾದ್ರೂ ಒತ್ತು, 'ಡೀಫಾಲ್ಟ್' ಮಾತ್ರ ಒತ್ತಬೇಡ. ಅದು ಒಂದೇ ಏಟಿಗೆ ಎಲ್ಲಾ ಅಳಿಸಿ ಕಾರ್ಖಾನೆಯಿಂದ ಬಂದ ಹಾಗೆ ಮಾಡುತ್ತೆ. ಏನು ಅಳೀತು ಅಂತ ಆಮೇಲೆ ದೇವರಿಗೂ ಗೊತ್ತಾಗಲ್ಲ." ನಾನು ತಲೆಯಾಡಿಸಿದ್ದೆ.

ಮುಂದಿನ ಸಂಗತಿ ತಿಳಿಯಲು ನಮ್ಮ ಕಸುಬಿನ ಒಂದು ಸಣ್ಣ ವಿಷಯ ಗೊತ್ತಿರಬೇಕು. ರೋಗಿಗಳ ದಾಖಲೆ ಕಳ್ಳರ ಪಾಲಾಗದಿರಲೆಂದು ನಮ್ಮ ಯಂತ್ರಗಳ ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿ ಇಡುತ್ತೇವೆ. ಆ ಬೀಗದ ಕೀಲಿ ಯಂತ್ರದೊಳಗಿನ ಒಂದು ಭದ್ರತಾ ಚಿಪ್ಪಿನಲ್ಲಿರುತ್ತದೆ. ಯಂತ್ರ ಚಾಲೂ ಆಗುವಾಗ ಎಲ್ಲಕ್ಕಿಂತ ಮೊದಲು ಏಳುವ ಫರ್ಮ್‌ವೇರ್ ಎಂಬ ತಂತ್ರಾಂಶದಲ್ಲಿ 'ಸೆಕ್ಯೂರ್ ಬೂಟ್' ಎಂಬ ಕಾವಲು ಇದೆ. ಪರಿಚಯವಿಲ್ಲದ ತಂತ್ರಾಂಶವನ್ನು ಅದು ಒಳಗೆ ಬಿಡುವುದಿಲ್ಲ. ಬೀಗ ಹಾಕಿದ ದಿನ ಆ ಕಾವಲು ಹೇಗಿತ್ತೋ ಇಂದೂ ಹಾಗೆಯೇ ಇದ್ದರೆ ಮಾತ್ರ ಚಿಪ್ಪು ಕೀಲಿ ಕೊಡುತ್ತದೆ. ಮೀಸೆ ಬೋಳಿಸಿಕೊಂಡು ಬಂದ ಯಜಮಾನನನ್ನು ಗೇಟಿನಲ್ಲೇ ತಡೆಯುವ ಕಾವಲುಗಾರನಂತೆ, ಒಂದು ಸೆಟ್ಟಿಂಗ್ ಬದಲಾದರೂ ಅದು ಕೈಕಟ್ಟಿ ನಿಲ್ಲುತ್ತದೆ. ಆಗ ಪರದೆ ನೀಲಿಯಾಗಿ, ನಲವತ್ತೆಂಟು ಅಂಕಿಗಳ ಇನ್ನೊಂದು ಕೀಲಿ ಕೊಡಿ ಎನ್ನುತ್ತದೆ. ಹಾಗಾಗಿ ಫರ್ಮ್‌ವೇರ್ ಮುಟ್ಟುವ ಮೊದಲು ಬೀಗವನ್ನು ತಾತ್ಕಾಲಿಕವಾಗಿ ಸಡಿಲಿಸಬೇಕು. ಇದು ನಮ್ಮ ಕೆಲಸದ ಮೊದಲ ಪಾಠ.

ನಾನು ಸೇರಿ ಆರು ತಿಂಗಳಾಗಿತ್ತು. ಮೂರನೆಯ ಮಹಡಿಯಲ್ಲಿ ಗೋಡೆಗೆಲ್ಲ ದಪ್ಪ ಸ್ಪಂಜು ಹೊದಿಸಿದ ಧ್ವನಿಕೋಣೆ ಇದೆ. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಶಸ್ತ್ರಚಿಕಿತ್ಸೆಗೆ ಮುನ್ನ ಅಲ್ಲಿ ಸಾವಿರಕ್ಕೂ ಹೆಚ್ಚು ವಾಕ್ಯಗಳನ್ನು ಓದಿ ದನಿ ಮುದ್ರಿಸಿ ಹೋಗುತ್ತಾರೆ. ಮುಂದೆ ಅವರು ಟೈಪ್ ಮಾಡಿದ್ದನ್ನು ಸಾಧನವೊಂದು ಅವರದೇ ದನಿಯಲ್ಲಿ ಆಡುತ್ತದೆ. ಆ ವಾರ ಸೋಮವಾರದಿಂದ ಗುರುವಾರದವರೆಗೆ ಅಲ್ಲಿ ಓದಿದವರು ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಂಗಸು. ಕೊಟ್ಟ ವಾಕ್ಯಗಳು ಸಪ್ಪೆಯಾಗಿವೆ ಎಂದು ಅವರು ಮೊಮ್ಮಗಳನ್ನು ಊಟಕ್ಕೆ ಕರೆಯುವುದನ್ನೂ, ಗಂಡನನ್ನು ಗದರುವುದನ್ನೂ ಸೇರಿಸಿದ್ದರಂತೆ. ಶುಕ್ರವಾರ ಶಸ್ತ್ರಚಿಕಿತ್ಸೆ ಆಯಿತು. ಮುದ್ರಣಗಳ ಪ್ರತಿ ತೆಗೆಯುವುದು ಪ್ರತಿ ಶನಿವಾರ ಮಧ್ಯಾಹ್ನ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಸೌಂಡ್ ಬಾಕ್ಸ್ ಜೋಡಿಸಲು ನಾನು ಹೋದೆ.

ಆ ಪೆಟ್ಟಿಗೆಯನ್ನು ನಡೆಸುವ 'ಡ್ರೈವರ್' ತಂತ್ರಾಂಶವನ್ನು ಸೆಕ್ಯೂರ್ ಬೂಟ್ ಒಳಗೆ ಬಿಡಲಿಲ್ಲ. ನಾನು ಬೀಗ ಸಡಿಲಿಸದೆ, ಚೀಟಿ ಬರೆಯದೆ, ಸೆಕ್ಯೂರ್ ಬೂಟನ್ನೇ ಆಫ್ ಮಾಡಿದೆ. ಪರದೆ ನೀಲಿಯಾಯಿತು. ನಲವತ್ತೆಂಟು ಅಂಕಿ ಎಲ್ಲಿ? ರೋಗಿಗಳ ಗೌಪ್ಯತೆಗಾಗಿ ಆ ಯಂತ್ರವನ್ನು ಆಸ್ಪತ್ರೆಯ ಜಾಲಕ್ಕೆ ಜೋಡಿಸಿರಲಿಲ್ಲ, ಆದ್ದರಿಂದ ಅದರ ಕೀಲಿ ಸರ್ವರಿನಲ್ಲಿ ಇರಲಿಲ್ಲ. ಇಂಥ ಯಂತ್ರಗಳ ಕೀಲಿ ಬರೆದಿಡುವ ಕಬ್ಬಿಣದ ಬೀರುವಿನ ಲಕೋಟೆಯಲ್ಲಿದ್ದದ್ದು ಹಳೆಯ ಡಿಸ್ಕಿನದು. ತಿಂಗಳ ಹಿಂದೆ ಡಿಸ್ಕ್ ಬದಲಿಸಿದವನು ನಾನೇ. ಹೊಸ ಕೀಲಿಯನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಆ ಪೆನ್ ಡ್ರೈವ್ ಬೇರೆ ಕೆಲಸಕ್ಕೆ ಬೇಕೆಂದು, ಕಡತವನ್ನು ಅದೇ ಯಂತ್ರದ ಡೆಸ್ಕ್‌ಟಾಪಿಗೆ ಸರಿಸಿ ನಿಶ್ಚಿಂತನಾಗಿದ್ದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆ ಮುಚ್ಚುವ ಬುದ್ಧಿವಂತಿಕೆ ಪ್ರಮಾಣಪತ್ರ ಇದ್ದವರಿಗಷ್ಟೇ ಸಾಧ್ಯ.

ಒತ್ತಬಾರದ ಡೀಫಾಲ್ಟ್ ಒತ್ತಿದೆ. ಆಮೇಲೆ ಸೆಕ್ಯೂರ್ ಬೂಟ್ ಮತ್ತೆ ಹಾಕಿದೆ. ನೀಲಿ ಪರದೆ ಕದಲಲಿಲ್ಲ.

ವಾಕ್‌ ಚಿಕಿತ್ಸಕಿ ಬಂದು ನೋಡಿದರು. ಮತ್ತೆ ಮುದ್ರಿಸಿಕೊಳ್ಳಲು ಆಗುವುದಿಲ್ಲವೇ ಎಂದು ನಾನು ಪೆದ್ದನಂತೆ ಕೇಳಿದೆ. "ಅವರ ಗಂಟಲು ನಿನ್ನೆ ತೆಗೆದಾಯ್ತಲ್ಲಪ್ಪ. ಇನ್ನೆಲ್ಲಿಂದ ತರಲಿ ದನಿ?" ಎಂದರು ಅವರು, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಅಕ್ಕನವರು ಬಂದು ಕುರ್ಚಿ ಎಳೆದುಕೊಂಡರು, ಚೀಟಿ ತೆಗೆದರು. "ಏನೇನು ಒತ್ತಿದೆ, ಒತ್ತಿದ ಹಾಗೇ ಹೇಳು" ಎಂದರು. ಕೀಲಿಯ ವಿಷಯ ಲಕೋಟೆಯೇ ಹೇಳುತ್ತಿದ್ದುದರಿಂದ ಅದನ್ನು ಒಪ್ಪಿಕೊಂಡೆ. ಸೆಕ್ಯೂರ್ ಬೂಟ್ ಆಫ್ ಮಾಡಿದ್ದನ್ನು ಹೇಳಿದೆ, ಮತ್ತೆ ಹಾಕಿದ್ದನ್ನು ಹೇಳಿದೆ. ನಡುವಿನದನ್ನು ನುಂಗಿದೆ.

"ಮತ್ತೆ ಹಾಕಿದ್ಯಲ್ಲ, ಹಾಗಾದ್ರೆ ಬಾಗಿಲು ತೆಗೀಬೇಕಿತ್ತು" ಎಂದರು. ಯಂತ್ರ ಮಾರಿದ ಕಂಪನಿಗೆ ಫೋನು ಮಾಡಿದರು. ಆ ಕಡೆಯ ಎಂಜಿನಿಯರು ಎರಡೇ ಮಾತಿನಲ್ಲಿ ಮುಗಿಸಿದರು: ಚಿಪ್ಪು ಸತ್ತಿದೆ, ಅಳಿಸಿ ಹೊಸದಾಗಿ ಶುರುಮಾಡಿ, ಡಿಸ್ಕಿನಲ್ಲಿ ಇದ್ದದ್ದನ್ನು ಮರೆತುಬಿಡಿ. ನನ್ನ ಮಾತು ನಿಜವಾಗಿದ್ದರೆ ಅವರ ಸಲಹೆಯೂ ಸರಿಯೇ ಆಗಿತ್ತು.

ಅಕ್ಕನವರು ಚಿಕಿತ್ಸಕಿಯನ್ನು ಊಟ ಮಾಡಿ ಬನ್ನಿ ಎಂದು ಕಳಿಸಿ ಬಾಗಿಲು ಮುಂದೆ ಮಾಡಿದರು. ಫರ್ಮ್‌ವೇರಿನ ಸೆಟ್ಟಿಂಗ್ ಪರದೆಗಳನ್ನು ಒಂದೊಂದಾಗಿ ತೆರೆದು ನೋಡಿದರು. ಭದ್ರತಾ ಚಿಪ್ಪು ಚಾಲೂ ಇದೆ ಎಂದೇ ಅಲ್ಲಿ ಬರೆದಿತ್ತು. ಬಹಳ ಹೊತ್ತಾದ ಮೇಲೆ, ನನ್ನ ಕಡೆ ನೋಡದೆಯೇ ಒಂದು ಹಳೆಯ ಕತೆ ಹೇಳಿದರು.

"ನಾನು ಬಂದ ಮೂರನೇ ವರ್ಷ ಮಕ್ಕಳ ವಾರ್ಡಿನ ರಕ್ತ ಪರೀಕ್ಷೆ ಫಲಿತಾಂಶ ಅಳಿಸಿಬಿಟ್ಟಿದ್ದೆ. ಕರೆಂಟ್ ಹೋಗಿತ್ತು, ಅದರ ಮೇಲೆ ಹಾಕಿದೆ. ಕರೆಂಟಿಗೆ ಬಾಯಿಲ್ಲ ನೋಡು. ಹನ್ನೊಂದು ಮಕ್ಕಳಿಗೆ ಮತ್ತೆ ಸೂಜಿ ಚುಚ್ಚಿದ್ರು. ಒಂದು ಮಗೂನ ಕೈ ಹಿಡ್ಕೊಳ್ಳೋಕೆ ಜನ ಇರಲಿಲ್ಲ, ನನ್ನನ್ನೇ ಕರೆದ್ರು. ಹಿಡ್ಕೊಂಡೆ. ನಿಜ ಹೇಳಿದ್ರೆ ಪ್ರಯೋಗಾಲಯದ ಪುಸ್ತಕ ನೋಡಿ ಅರ್ಧ ಗಂಟೇಲಿ ಮತ್ತೆ ಬರೀಬಹುದಿತ್ತು ಅಂತ ಆಮೇಲೆ ಗೊತ್ತಾಯ್ತು."

"ಅಕ್ಕಾ, ಡೀಫಾಲ್ಟ್ ಒತ್ತಿದೆ" ಎಂದೆ.

"ಒತ್ತಿದ್ಯಾ? ಒಳ್ಳೇದಾಯ್ತು."

"ಒಳ್ಳೇದಾಯ್ತಾ?"

"ಚಿಪ್ ಸತ್ತಿಲ್ಲ, ಇನ್ಯಾವುದೋ ಸೆಟ್ಟಿಂಗ್ ಬದಲಾಗಿದೆ ಅಂತಾಯ್ತಲ್ಲ. ಏಳು."

ಅದೇ ಖರೀದಿಯಲ್ಲಿ ಬಂದ ಇನ್ನೊಂದು ಯಂತ್ರ ಶ್ರವಣ ಪರೀಕ್ಷೆಯ ಕೋಣೆಯಲ್ಲಿತ್ತು. ಅಕ್ಕನವರು ಅಲ್ಲಿ ಹೋಗಿ ಕೂತರು, ನಾನು ಇಲ್ಲಿ. ಒಳಫೋನಿನಲ್ಲಿ ಅವರು ಅಲ್ಲಿಯ ಒಂದೊಂದು ಸಾಲನ್ನು ಓದುವುದು, ನಾನು ಇಲ್ಲಿಯದನ್ನು ಹೇಳುವುದು. ನಲವತ್ತಕ್ಕೂ ಹೆಚ್ಚು ಸಾಲು ಒಂದೇ ಆಗಿದ್ದವು. ಆಮೇಲೆ ಒಂದು ಸಾಲು ಬೇರೆಯಾಯಿತು. ಆ ಯಂತ್ರಗಳಲ್ಲಿ ಭದ್ರತಾ ಚಿಪ್ಪು ಎರಡಿದ್ದವು, ಒಂದು ಪ್ರೊಸೆಸರಿನ ಒಳಗಿನದು, ಒಂದು ಬೋರ್ಡಿನ ಮೇಲೆ ಪ್ರತ್ಯೇಕವಾಗಿ ಕೂರಿಸಿದ್ದು. ನಮ್ಮ ಕೀಲಿಗಳನ್ನೆಲ್ಲ ಪ್ರತ್ಯೇಕ ಚಿಪ್ಪಿನಲ್ಲಿಟ್ಟಿದ್ದೆವು. ಡೀಫಾಲ್ಟ್ ಒತ್ತಿದಾಗ ಯಂತ್ರ ಇನ್ನೊಂದಕ್ಕೆ ಹೊರಳಿತ್ತು. ಚಿಪ್ಪು ಚಾಲೂ ಇತ್ತು ನಿಜ, ಆದರೆ ಅದು ಕೀಲಿಯನ್ನೇ ಕಾಣದ ಚಿಪ್ಪು. "ಮುಟ್ಟಬೇಡ, ಬರ್ತೀನಿ" ಎಂದು ಫೋನು ಇಟ್ಟರು.

ಬಂದು ಆ ಸಾಲನ್ನು ಬದಲಿಸಹೋದರೆ ಪರದೆ ಎಚ್ಚರಿಸಿತು: ಚಿಪ್ಪಿನಲ್ಲಿರುವುದು ಅಳಿಸಿಹೋಗಬಹುದು, ಮುಂದುವರಿಯಬೇಕೇ? ಅಕ್ಕನವರು ಚಿಕಿತ್ಸಕಿಯನ್ನು ಕರೆಸಿ, "ಇದು ಒತ್ತಿದ್ರೆ ಬರಬಹುದು, ಪೂರ್ತಿ ಹೋಗಲೂಬಹುದು. ನಂಗೆ ಬೇರೆ ದಾರಿ ಕಾಣ್ತಿಲ್ಲ. ಒತ್ತಲಾ?" ಎಂದು ಕೇಳಿದರು. ಆಕೆ ಕಣ್ಣು ಮುಚ್ಚಿ ಹೂಂ ಎಂದರು. ನಾನು ಕೈ ಚಾಚಿದೆ. ಅಕ್ಕನವರು ನನ್ನ ಕೈ ಸರಿಸಿದರು. "ಹೋದ್ರೆ ನನ್ನ ಕೈಯಿಂದ ಹೋಗ್ಲಿ. ನಿಂಗಿನ್ನೂ ಮೂವತ್ತು ವರ್ಷ ಸರ್ವೀಸಿದೆ."

ಒತ್ತಿದರು. ಯಂತ್ರ ಆರಿತು, ಹತ್ತಿತು, ನೀಲಿಯಾಗದೆ ಎಂದಿನ ಪರದೆಗೆ ಬಂತು. ಚಿಕಿತ್ಸಕಿ ಒಂದು ಕಡತ ತೆರೆದರು. ಸ್ಪಂಜಿನ ಗೋಡೆಗಳ ನಡುವೆ ಒಬ್ಬ ಹೆಂಗಸು ತನ್ನ ಗಂಡನನ್ನು, ಕತ್ತರಿ ಎಲ್ಲಿಟ್ಟಿರಿ ಎಂದು ಜೋರಾಗಿ ಗದರಿದರು. ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅಕ್ಕನವರು ಮುದ್ರಣಗಳನ್ನು ಎರಡು ಕಡೆ ನಕಲು ಮಾಡಿಸಿದರು, ಕೀಲಿಯನ್ನು ನನ್ನ ಕೈಯಲ್ಲೇ ಬರೆಸಿ ಲಕೋಟೆಗೆ ಹಾಕಿಸಿದರು, ಸೌಂಡ್ ಬಾಕ್ಸನ್ನು ವಾಪಸು ಕಳಿಸಿದರು. ಸೋಮವಾರ ನನ್ನನ್ನು ಕರೆದುಕೊಂಡು ವಾರ್ಡಿಗೆ ಹೋಗಿ, ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಆ ಹೆಂಗಸಿಗೆ ನಡೆದದ್ದನ್ನೆಲ್ಲ ಹೇಳಿದರು. ಅವರಿಗೆ ಗೊತ್ತಾಗಬೇಕಾದ ಅಗತ್ಯವೇ ಇರಲಿಲ್ಲ ಎಂದು ನಾನು ಮೆಟ್ಟಿಲಿಳಿಯುವಾಗ ಗೊಣಗಿದೆ. "ದನಿ ಅವರದ್ದು" ಎಂದರು, ಅಷ್ಟೇ.

ಕಳೆದ ವಾರದ ಬೀಳ್ಕೊಡುಗೆಗೆ ಆ ಹೆಂಗಸು ಬಂದಿದ್ದರು. ಸಾಧನದಲ್ಲಿ ಟೈಪ್ ಮಾಡಿ ಮೇಲೆತ್ತಿ ಹಿಡಿದರು. "ಅಕ್ಕಾ, ಮನೇಲಿ ಸುಮ್ನೆ ಕೂರಬೇಡಿ. ನನ್ನ ಅಂಗಡಿಗೆ ಬನ್ನಿ, ಹೊಲಿಗೆ ಕಲಿಸ್ತೀನಿ. ಅಲ್ಲಿ ತಪ್ಪಾದ್ರೆ ಬಿಚ್ಚಿ ಮತ್ತೆ ಹೊಲೀಬಹುದು." ಇಂಥ ಸಾಧನಗಳ ಮಾತು ಸ್ವಲ್ಪ ಸಮತಟ್ಟು, ಆದರೂ ಆ 'ಅಕ್ಕಾ' ಎಂಬ ಕರೆಯ ಎಳೆತ ಅವರದೇ ಆಗಿತ್ತು. ಸಭೆ ನಕ್ಕಿತು, ಅಕ್ಕನವರು ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಯದಾಗಿ ಒಂದು ತಿದ್ದುಪಡಿ. ಈ ಲೇಖನಕ್ಕಾಗಿ ಆ ಶನಿವಾರದ ವರದಿಯನ್ನು ಹುಡುಕಿ ಓದಿದೆ. ಎಲ್ಲ ಲೋಪವನ್ನೂ ಶಾಖೆಯ ಲೋಪವೆಂದು ಬರೆದು ಅಕ್ಕನವರು ಸಹಿ ಹಾಕಿದ್ದಾರೆ. ಕೆಳಗೆ ಹೀಗಿದೆ: 'ತಂತ್ರಜ್ಞರು ತಾವು ಮಾಡಿದ ಬದಲಾವಣೆಗಳನ್ನೆಲ್ಲ ವಿಳಂಬವಿಲ್ಲದೆ ತಿಳಿಸಿದ್ದರಿಂದ ಮುದ್ರಣಗಳು ಉಳಿದವು.' ಅವರ ಮೂವತ್ತನಾಲ್ಕು ವರ್ಷಗಳ ಕಡತಗಳಲ್ಲಿ, ಅವರೇ ಹೇಳಿಕೊಂಡ ಆ ಕರೆಂಟಿನ ಸುಳ್ಳನ್ನು ಬಿಟ್ಟರೆ, ನನಗೆ ತಿಳಿದಂತೆ ಇದೊಂದೇ ಸುಳ್ಳು. ವಿಳಂಬವಾಗಿತ್ತು. ನಲವತ್ತು ನಿಮಿಷ. ನಾನು ಏನನ್ನೋ ನುಂಗಿದ್ದೇನೆಂದು ಅಷ್ಟೂ ಹೊತ್ತು ಅವರಿಗೆ ಗೊತ್ತಿತ್ತು. ಒಂದು ಮಾತನ್ನೂ ಬಿರುಸಾಗಿ ಆಡದೆ ಕಾದರು. ಬರುವ ತಿಂಗಳಿಂದ ಅವರ ಕುರ್ಚಿಯಲ್ಲಿ ಕೂರುವವನು ನಾನು, ಮತ್ತು ನನಗೆ ನಾಲ್ಕು ನಿಮಿಷ ಕಾಯುವುದೂ ಬಾರದು. ವಾರಕ್ಕೆರಡು ದಿನ ಧ್ವನಿಕೋಣೆಯ ಮುದ್ರಣಗಳನ್ನು ನೋಡಿಕೊಳ್ಳಲು ಅಕ್ಕನವರು ಒಪ್ಪಿದ್ದಾರೆ. ಅವರ ಕಣ್ಣು ಹೀಗೇ ಚುರುಕಾಗಿರಲಿ, ಆಯಸ್ಸು ನೂರು ದಾಟಲಿ. ನನ್ನೆದುರು ಯಾರಾದರೂ ಹೆದರಿ ಬಾಯಿ ಕಟ್ಟಿಕೊಂಡು ಕೂತ ದಿನ, ಅವರಿಗೆ ಮಾತು ಬರುವವರೆಗೆ ಕಾಯುವುದನ್ನು ನಾನು ಅವರಿಂದ ಕಲಿತು ಮುಗಿಸುವಷ್ಟು ಕಾಲ ಅವರು ನಮ್ಮ ನಡುವೆ ಇರಲಿ.