ಅಂಗಾತ ಮಲಗಿದ ಹೊತ್ತು

ಶನಿವಾರ ಸಂಜೆ ನರಸಿಂಹರಾಜು ಐ.ಡಿ.ಹಳ್ಳಿಯ ಮನೆಗೆ ಬಂದವನೇ ಕೈಕಾಲು ತೊಳೆದು ಇಲಿಗಳ ಸುದ್ದಿ ತೆಗೆದ. ಕೊರಟಗೆರೆ ದಾರಿಯ ಔಷಧ ಪ್ರಯೋಗಾಲಯದಲ್ಲಿ ಅವನಿಗೆ ಇಲಿ ನೋಡಿಕೊಳ್ಳುವ ಕೆಲಸ. ಹಾರ್ಮೋನಿನಿಂದ ಮಾಡಿದ, ಅರಿವಳಿಕೆ ತರುವ ಸ್ಟೀರಾಯ್ಡನ್ನು ಅಲ್ಲಿನ ವಿಜ್ಞಾನಿ ಶೃತಿ ಮೇಡಂ ಇಲಿಯ ಬಾಲದ ನರಕ್ಕೆ ಚುಚ್ಚುತ್ತಾರೆ. ಇಲಿಗೆ ಮಂಪರು ಹತ್ತುತ್ತದೆ. ಇವನು ಅದನ್ನು ಅಂಗಾತ ಮಲಗಿಸಿ ಸ್ಟಾಪ್‌ವಾಚ್ ಒತ್ತಬೇಕು. ಅದು ತಾನಾಗಿ ಮಗುಚಿಕೊಂಡು ಕಾಲೂರಿದಾಗ ನಿಲ್ಲಿಸಬೇಕು. ಎಷ್ಟು ಹೊತ್ತು ಮಲಗಿತೋ ಮದ್ದಿಗೆ ಅಷ್ಟು ಶಕ್ತಿ.

"ಕಿವಿ ಹರಿದಿರೋದೊಂದು ಇಪ್ಪತ್ತೆರಡು ನಿಮಿಷ ಮಲಗ್ಬುಡ್ತು ಕಣೇ, ನಿಮ್ಮಣ್ಣನಂಗೆ," ಅಂದ.

ತಟ್ಟಿ ಎಬ್ಬಿಸಬಾರದೇ ಎಂದು ಹೆಂಡತಿ ರಾಮಾಂಜಿನಮ್ಮ ಕೇಳಿದಳು.

"ಮುಟ್ಟಂಗಿಲ್ಲ. ಮುಟ್ಟಿದ್ರೆ ಲೆಕ್ಕ ಕೆಟ್ಟೋಯ್ತದೆ. ಬೆಚ್ಚಗಿಟ್ಟು ಸುಮ್ನೆ ಕಾಯ್ಬೇಕು. ಅದೇ ಎದ್ದೇಳ್ತದೆ."

ಹನ್ನೊಂದು ವರ್ಷದಿಂದ ಅವಳು ಕೇಳುತ್ತ ಬಂದ ಮಾತೇ ಅದು. ಮನೆಯಲ್ಲೂ ಮಲಗಿದವರನ್ನು ಅಲ್ಲಾಡಿಸಲು ಅವನು ಬಿಡುತ್ತಿರಲಿಲ್ಲ.

ಮಾರನೆಯ ದಿನ ಮುದ್ದೆ ಅರ್ಧಕ್ಕೇ ಬಿಟ್ಟು, ತಲೆ ತಿರುಗುತ್ತದೆ ಎಂದು ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡ. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತು. ಗೊರಕೆ ಜೋರಾಯಿತು. ಅತ್ತೆ ಮುದ್ದಕ್ಕ ಎಬ್ಬಿಸು ಎಂದಳು. ರಾಮಾಂಜಿನಮ್ಮ ಬೇಡವೆಂದಳು. ಕಂಬಳಿ ಹೊದಿಸಿದಳು. ಪಾತ್ರೆ ತೊಳೆದಳು. ಎರಡು ಸಲ ಬಂದು ನೋಡಿದಳು. ಅವನು ಮಗ್ಗುಲಾಗಿರಲಿಲ್ಲ.

ಎರಡು ಗಂಟೆಗೆ ಮುದ್ದಕ್ಕ ತಾನೇ ಮಗನ ಭುಜ ಹಿಡಿದಳು. ಅವನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಪಕ್ಕದ ಮನೆಯ ಕಾಡಸಿದ್ದಪ್ಪನ ಆಟೋದಲ್ಲಿ ಮಧುಗಿರಿಗೆ ಹೊರಟರು. ದಾರಿಯುದ್ದಕ್ಕೂ ರಾಮಾಂಜಿನಮ್ಮ ಅವನನ್ನು ಅಲ್ಲಾಡಿಸಿದಳು, ಕೆನ್ನೆಗೆ ಹೊಡೆದಳು, ಬೈದಳು. ಅವನು ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ಹೀಗಾಗಿ ಎಷ್ಟು ಹೊತ್ತಾಯಿತು ಎಂದರು.

"ಹನ್ನೆರಡೂ ಇಪ್ಪತ್ತಕ್ಕೆ ಮಲಗಿದ್ರು ಸಾ. ನಾನೇ ಗಡಿಯಾರ ನೋಡಿದೀನಿ."

"ಗಡಿಯಾರ ನೋಡ್ದೋಳು ಮನುಷ್ಯನ್ನ ನೋಡ್ಬಾರ್ದಿತ್ತೇನಮ್ಮ?"

ತಲೆಯೊಳಗೆ ನರ ಒಡೆದಿತ್ತಂತೆ. ಮೂರನೆಯ ದಿನ ಅವನು ಹೋದ.

ಬೇಗ ತಂದಿದ್ದರೆ ಉಳಿಯುತ್ತಿದ್ದನೇ ಎಂದು ಅವಳು ಕಂಡ ಡಾಕ್ಟರನ್ನೆಲ್ಲ ಕೇಳಿದಳು. ಯಾರೂ ಹೌದು ಅನ್ನಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ.

ಎರಡು ತಿಂಗಳಾದ ಮೇಲೆ ಶೃತಿ ಮೇಡಂ ಅವಳಿಗೆ ಪ್ರಯೋಗಾಲಯದಲ್ಲೇ ಕೆಲಸ ಕೊಡಿಸಿದರು. ಸ್ಟಾಪ್‌ವಾಚ್ ಒತ್ತುವ ಕೋಣೆಗೆ ಮಾತ್ರ ಬರುವುದಿಲ್ಲ ಎಂದು ಅವಳು ಮೊದಲೇ ಹೇಳಿದಳು. ಇಲಿಗಳ ಗೂಡು ತೊಳೆಯುವುದು, ಒಳಗೆ ಹಾಸಿದ ಹೊಟ್ಟು ಬದಲಿಸುವುದು ಅವಳ ಪಾಲಿಗೆ ಬಂತು.

ಈಗಲೂ ದಿನಾ ಬೆಳಿಗ್ಗೆ, ಹೊಟ್ಟು ಬದಲಿಸುವ ಮೊದಲು ಒಂದೊಂದೇ ಗೂಡಿನ ಮುಚ್ಚಳ ತೆಗೆಯುತ್ತಾಳೆ. ಮಲಗಿರುವ ಪ್ರತಿಯೊಂದು ಇಲಿಯನ್ನೂ ಬೆರಳಿಂದ ತಟ್ಟುತ್ತಾಳೆ. ಅದು ಕದಲಿದ ಮೇಲೆ ಮುಂದಿನ ಗೂಡಿಗೆ ಹೋಗುತ್ತಾಳೆ.