ನಮ್ಮ ಕಾರಿನ ಸ್ಟೀರಿಯೊ, ಚಲುವಯ್ಯನವರ ನಂಬರು

ನಮ್ಮ ಕಾರಿನ ಸ್ಟೀರಿಯೊದ ಬಲಗಡೆಯ ಸ್ಪೀಕರು ಬಾಗಿಲು ತೆರೆದಿದ್ದಾಗ ಹಾಡುತ್ತದೆ, ಮುಚ್ಚಿದ ಕೂಡಲೇ ಸುಮ್ಮನಾಗುತ್ತದೆ. ಬಾಗಿಲು ತೆರೆದಿಟ್ಟುಕೊಂಡು ಕಾರು ಓಡಿಸುವುದನ್ನು ಸಂಚಾರಿ ಪೊಲೀಸರು ಸಂಗೀತಪ್ರೇಮವೆಂದು ಪರಿಗಣಿಸುವುದಿಲ್ಲವಾದ್ದರಿಂದ, ನಮ್ಮ ಪ್ರಯಾಣಗಳಲ್ಲಿ ಹಾಡೆಲ್ಲ ಎಡಗಡೆ ಕುಳಿತ ನನ್ನ ಪತ್ನಿ ಸುಶೀಲಳ ಪಾಲಿಗೂ, ಹಾರನ್ನುಗಳೆಲ್ಲ ಬಲಗಡೆ ಕುಳಿತ ನನ್ನ ಪಾಲಿಗೂ ಬರುತ್ತಿದ್ದವು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಧ್ವನಿಯೆಂಬುದು ಎಡಗಡೆಯಿಂದಲೇ ಬರುವುದು ನನಗೆ ರೂಢಿಯಾಗಿಹೋಗಿದ್ದರಿಂದ ಇದನ್ನೊಂದು ದೋಷವೆಂದು ನಾನು ಗಣಿಸಿಯೇ ಇರಲಿಲ್ಲ. ಗಣಿಸಿದ್ದು ನಿವೃತ್ತನಾದ ಮೇಲೆ.

ನಿವೃತ್ತಿಗೂ ದುರಸ್ತಿಗೂ ಏನೋ ಒಂದು ಅನೈತಿಕ ಸಂಬಂಧವಿರಬೇಕು. ರಾಮನಗರದ ಬ್ಯಾಂಕೊಂದರಲ್ಲಿ ಮ್ಯಾನೇಜರಾಗಿದ್ದಷ್ಟು ಕಾಲ ಪೆನ್ನಿನ ರೀಫಿಲ್ಲನ್ನೂ ಪರರಿಂದಲೇ ಹಾಕಿಸಿಕೊಂಡಿದ್ದ ನಾನು, ಮನೆಯಲ್ಲಿ ಕುಳಿತ ಮೂರೇ ತಿಂಗಳಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮತ್ತು ಗೋಡೆಗಡಿಯಾರಗಳಿಗೆ ಕ್ರಮವಾಗಿ ಮೋಕ್ಷ ಕೊಡಿಸಿ ಕಾರಿನ ಬಳಿಗೆ ಬಂದಿದ್ದೆ. ಒಂದು ಗುರುವಾರ ಬೆಳಿಗ್ಗೆ, ಫೋನಿನಲ್ಲಿ ಯಾರೋ ಪುಣ್ಯಾತ್ಮ ಮಾಡಿ ತೋರಿಸಿದ ವಿಡಿಯೊವನ್ನು ಎರಡು ಸಲ ನೋಡಿ, ಬಲಬಾಗಿಲಿನ ಒಳಹೊದಿಕೆಯನ್ನು ಕಿತ್ತೆ. ಬಾಗಿಲ ಸಂದಿಯಲ್ಲಿ ಹಾದುಹೋಗುವ ತಂತಿ ತುಂಡಾಗಿರಬಹುದೆಂದು ಆತ ಹೇಳಿದ್ದ. ತುಂಡಾದ ತಂತಿ ಸಿಗಲಿಲ್ಲ. ನಾಲ್ಕು ಸ್ಕ್ರೂ ಕಳೆದುಹೋದವು. ಬಾಗಿಲ ಬೀಗಕ್ಕೆ ಸೇರಿದ ಸರಳೊಂದು ತಾನಾಗಿಯೇ ನನ್ನ ಕೈಗೆ ಬಂತು. ಆಮೇಲೆ ಬಾಗಿಲು ಹಾಕಿಕೊಳ್ಳಲೊಲ್ಲದೆ, ಅದನ್ನು ಸೀಟಿಗೆ ಹಗ್ಗದಿಂದ ಕಟ್ಟಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಿಡಿಯೊದ ಕೊನೆಯಲ್ಲಿ ಆತ, ಯಾವುದರಿಂದಲೂ ಸರಿಹೋಗದಿದ್ದರೆ ಬ್ಯಾಟರಿಯ ತಂತಿಯನ್ನು ಹತ್ತು ನಿಮಿಷ ಬಿಚ್ಚಿಟ್ಟು ಮತ್ತೆ ಹಾಕಿ ಎಂದಿದ್ದ. ಹಿಂದೆ ಹೀಗೆ ಮಾಡಿದಾಗಲೆಲ್ಲ ಏನಾಯಿತೆಂಬುದನ್ನು ಮರೆತು ಬಿಚ್ಚಿದೆ, ಹಾಕಿದೆ. ಸ್ಟೀರಿಯೊ ಎಡಗಡೆ ಹಾಡುವುದನ್ನೂ ಬಿಟ್ಟು, ತನ್ನ ಪುಟ್ಟ ಗಾಜಿನ ಮೇಲೆ ‘ಕೋಡ್’ ಎಂಬ ಒಂದೇ ಪದವನ್ನು ತೋರಿಸುತ್ತ ಕುಳಿತಿತು.

ಕಂಪನಿಯವರೇ ಕೂರಿಸಿ ಕೊಡುತ್ತಿದ್ದ ಹಳೆಯ ಸ್ಟೀರಿಯೊಗಳಿಗೆ ಇದೊಂದು ಮಡಿ. ಬ್ಯಾಟರಿಯ ಸಂಪರ್ಕ ಒಮ್ಮೆ ತಪ್ಪಿದರೆ ಸಾಕು, ತಮ್ಮನ್ನು ಕಳ್ಳರು ಕಿತ್ತುಕೊಂಡು ಹೋದರೆಂದು ಭಾವಿಸಿ, ನಾಲ್ಕಂಕಿಯ ಗುಪ್ತಸಂಖ್ಯೆಯನ್ನು ಒತ್ತುವವರೆಗೂ ಮೌನವ್ರತ ಹಿಡಿಯುತ್ತವೆ. ಒಂದರಿಂದ ಆರರವರೆಗೆ ಇರುವ ಗುಂಡಿಗಳಲ್ಲೇ ಅದನ್ನು ಒತ್ತಬೇಕು. ಸಂಖ್ಯೆಯನ್ನು ಬರೆದ ಚೀಟಿ ಹೊಸ ಕಾರಿನ ಜೊತೆಗೇ ಬರುತ್ತದೆ. ನಮ್ಮದು ಹೊಸ ಕಾರಲ್ಲ. ಕೈಲಾಂಚದ ದನದ ದಳ್ಳಾಳಿ ಚಲುವಯ್ಯನವರು ಮಂಡಿನೋವಿನಿಂದ ಕ್ಲಚ್ಚು ಒತ್ತಲಾರದೆ ನನಗೆ ಮಾರಿದ್ದು. ಚೀಟಿ ಎಲ್ಲಿ ಎಂದು ಅವತ್ತೇ ಕೇಳಿದ್ದೆ.

“ಒಲೆಗಾಕ್ದೆ ಸ್ವಾಮಿ. ನೀವೇ ಯೋಳಿದ್ರಲ್ಲ” ಎಂದಿದ್ದರು.

ನಾನು ಹೇಳಿದ್ದು ನಿಜ. ಹಿಂದೆ ನಮ್ಮ ಶಾಖೆಯಲ್ಲಿ ಎಟಿಎಂ ಕಾರ್ಡು ಹಂಚುವಾಗ ಗ್ರಾಹಕರನ್ನು ಬೆಂಚಿನ ಮೇಲೆ ಕೂರಿಸಿ ನಾನೊಂದು ಉಪನ್ಯಾಸ ಕೊಡುತ್ತಿದ್ದೆ: ಯಾರೂ ಊಹಿಸಲಾಗದ ನಾಲ್ಕಂಕಿ ಇಟ್ಟುಕೊಳ್ಳಿ, ಬಾಯಿಪಾಠ ಮಾಡಿ, ಬರೆದ ಚೀಟಿಯನ್ನು ಸುಟ್ಟುಬಿಡಿ, ಹೆಂಡತಿಗೂ ಹೇಳಬೇಡಿ, ಮ್ಯಾನೇಜರಾದ ನಾನೇ ಬಂದು ಕೇಳಿದರೂ ಹೇಳಬೇಡಿ. ಕೇಳಿದವರಲ್ಲಿ ಅರ್ಧ ಜನ ಆಕಳಿಸಿದರು, ಉಳಿದವರು ತಮ್ಮ ಹುಟ್ಟಿದ ಇಸವಿ ಇಟ್ಟುಕೊಂಡರು. ಅಕ್ಷರಶಃ ಪಾಲಿಸಿದವರು ಚಲುವಯ್ಯನವರೊಬ್ಬರೇ. ಆಗ ತಾನೇ ಕಾರು ಕೊಂಡು ರೇಡಿಯೊದ ನಂಬರನ್ನು ಕಷ್ಟಪಟ್ಟು ಬಾಯಿಪಾಠ ಮಾಡಿದ್ದ ಅವರು ಅದನ್ನೇ ಎಟಿಎಂಗೂ ಇಟ್ಟು, ಮುಂದೆ ಫೋನಿನ ಬೀಗಕ್ಕೂ ಇಟ್ಟು, ಚೀಟಿಯನ್ನು ಅಗ್ನಿಗೆ ಆಹುತಿ ಕೊಟ್ಟರು. ಹೀಗಾಗಿ ಕಾರು ನನ್ನದಾಯಿತು, ನಂಬರು ಅವರಲ್ಲೇ ಉಳಿಯಿತು. ಬ್ಯಾಟರಿ ಬಿಚ್ಚಿದಾಗಲೆಲ್ಲ ಅವರೇ ಬಸ್ಸು ಹತ್ತಿ ಬರುತ್ತಿದ್ದರು. ನನ್ನನ್ನು ಕಾರಿನಿಂದ ಇಳಿಸಿ ಕಾಂಪೌಂಡಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ನಾಲ್ಕು ಗುಂಡಿ ಒತ್ತಿ, ಕಾಫಿ ಕುಡಿದು ಹೋಗುತ್ತಿದ್ದರು. ನನ್ನ ಉಪದೇಶವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ, ನನ್ನ ಮಕ್ಕಳನ್ನೂ ಸೇರಿಸಿ.

ಈ ಸಲ ಮಾತ್ರ ವಿಷಯ ಹಗುರವಾಗಿರಲಿಲ್ಲ. ಮರುದಿನ ಶುಕ್ರವಾರ ಹನ್ನೊಂದು ಗಂಟೆಗೆ ರೇಡಿಯೊದಲ್ಲಿ ಸುಶೀಲಳ ಮಾತು ಪ್ರಸಾರವಾಗಲಿತ್ತು, ವಿಷಯ ಹುರುಳಿಕಾಳಿನ ಬಸ್ಸಾರು, ಹತ್ತು ನಿಮಿಷ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವಳು ಒಮ್ಮೆ ರೇಡಿಯೊದ ಮಕ್ಕಳ ಕಾರ್ಯಕ್ರಮಕ್ಕೆ ಹಾಡಿ ಬಂದಿದ್ದಳಂತೆ. ಪ್ರಸಾರದ ದಿನ ಹೊಸ ಲಂಗ ಹಾಕಿಕೊಂಡು ರೇಡಿಯೊ ಮುಂದೆ ಕುಳಿತರೆ ಅದು ಉಸಿರೆತ್ತಲಿಲ್ಲ. ಅದರ ಸೆಲ್ಲುಗಳನ್ನು ಅವಳಪ್ಪ ಹಿಂದಿನ ದಿನವೇ ಟಾರ್ಚಿಗೆ ಹಾಕಿಕೊಂಡು ಗದ್ದೆಗೆ ನೀರು ಕಟ್ಟಲು ಹೋಗಿದ್ದರು. ತನ್ನ ಹಾಡು ಬಂತೋ ಇಲ್ಲವೋ ಅವಳಿಗೆ ಇಂದಿಗೂ ಗೊತ್ತಿಲ್ಲ. ಅಪ್ಪ ಮಾಡಿದ್ದನ್ನು ಐವತ್ತು ವರ್ಷದ ನಂತರ ಗಂಡನೂ ಮಾಡಿದರೆ ಹೆಣ್ಣೊಬ್ಬಳು ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಂತಿಲ್ಲ. ಮನೆಯಲ್ಲಿ ಬೇರೆ ರೇಡಿಯೊ ಇಲ್ಲ. ನನ್ನ ಹಳೆಯ ಫೋನಿನಲ್ಲೊಂದು ಇದೆ, ಕಿವಿಗೆ ವಯರು ಚುಚ್ಚಿಕೊಂಡರೆ ಮಾತ್ರ ಮಾತಾಡುತ್ತದೆ. ಅದನ್ನು ಭಯಭಕ್ತಿಯಿಂದ ಸೂಚಿಸಿದೆ.

“ಕದ್ದು ಕೇಳೋಕೆ ನಾನೇನು ಕದ್ದು ಮಾತಾಡಿದ್ದೀನಾ? ಬೀದಿ ಹೆಂಗಸರನ್ನೆಲ್ಲ ಕರೆದಾಗಿದೆ” ಎಂದಳು ಸುಶೀಲ. ಆಮೇಲೆ ಮಾತಾಡಲಿಲ್ಲ. ಎಡಗಡೆಯೂ ಮೌನವಾದಾಗ ನಿಜಕ್ಕೂ ಹೆದರಿದೆ.

ಕಾರ್ ಎಲೆಕ್ಟ್ರಿಷಿಯನ್ ನಯಾಜ್‌ನನ್ನು ಕರೆತಂದೆ. ಅವನು ಹಗ್ಗದಲ್ಲಿ ಕಟ್ಟಿದ ಬಾಗಿಲನ್ನು ಕಂಡು, ಸಭ್ಯ ಮನುಷ್ಯನಾದ್ದರಿಂದ, ಏನೂ ಕೇಳಲಿಲ್ಲ. “ಕಂಪನಿ ಸೆಟ್ಟು ಸಾರ್, ನಂಬರ್ ಇಲ್ದೆ ಬಾಯಿ ಬಿಡಲ್ಲ. ಕಿತ್ತಾಕಿ ಟಚ್ ಸ್ಕ್ರೀನ್ ಹಾಕ್ಕೊಡ್ತೀನಿ, ನಾಲ್ಕು ದಿನ ಟೈಮ್ ಕೊಡಿ” ಎಂದ. ನಮ್ಮಲ್ಲಿದ್ದದ್ದು ಒಂದು ದಿನ. ಕೊನೆಗೆ ಚಲುವಯ್ಯನವರಿಗೆ ಫೋನ್ ಮಾಡಿದೆ. ಅವರು ಮಾರನೆಯ ದಿನ ಅಕ್ಕೂರಿನಲ್ಲಿ ಒಂದು ಜೊತೆ ಹಸುವಿನ ವ್ಯಾಪಾರ ಕುದುರಿಸಬೇಕಿತ್ತು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಬರುವುದರಿಂದ ಅದಕ್ಕೆ ಮೊದಲೇ ಮಾತು ಮುಗಿಯಬೇಕು. “ದಾರೀಲೇ ಅಲ್ವಾ, ಒಂಬತ್ತಕ್ಕೆ ಬತ್ತೀನಿ, ಒತ್ತಿ ಒಂಟೋಯ್ತೀನಿ” ಎಂದರು. ಎಲ್ಲ ಸರಿಹೋಯಿತು.

ಸರಿಹೋದದ್ದನ್ನು ಸರಿಯಾಗಿಯೇ ಬಿಡುವ ಗುಣ ನನ್ನಲ್ಲಿಲ್ಲ. ಶುಕ್ರವಾರ ಎಂಟೂವರೆಗೆ ಕಾರಿನಲ್ಲಿ ಸುಮ್ಮನೆ ಕುಳಿತಿದ್ದಾಗ ನನಗೊಂದು ದುರ್ಬುದ್ಧಿ ಹುಟ್ಟಿತು. ಇಷ್ಟು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಜನ ಎಂಥ ನಂಬರು ಇಟ್ಟುಕೊಳ್ಳುತ್ತಾರೆಂದು ಗೊತ್ತಿಲ್ಲವೇ? ಒಂದು ಎರಡು ಮೂರು ನಾಲ್ಕು ಒತ್ತಿದೆ, ಸೆಟ್ಟು ಗುರ್ ಎಂದಿತು. ನಾಲ್ಕು ಸಲ ಒಂದನ್ನೇ ಒತ್ತಿದೆ. ಮತ್ತೆ ಗುರ್. ಈ ನಂಬರನ್ನು ಇಟ್ಟವರು ಚಲುವಯ್ಯನವರಲ್ಲ, ಕಾರ್ಖಾನೆಯ ಯಂತ್ರ, ಯಂತ್ರದ ಮನಸ್ಸನ್ನು ಊಹಿಸುವ ವಿದ್ಯೆ ಬ್ಯಾಂಕಿನಲ್ಲಿ ಕಲಿಸುವುದಿಲ್ಲ ಎಂಬುದು ಮೂರನೆಯದನ್ನು ಒತ್ತಿದ ಮೇಲೆ ಹೊಳೆಯಿತು. ಆ ಹೊತ್ತಿಗೆ ಗಾಜಿನ ಮೇಲೆ ಹೊಸ ಆಜ್ಞೆ ಬಂದಿತ್ತು: ಒಂದು ಗಂಟೆ ಕಾಯಿರಿ. ಎಂಟು ಮುಕ್ಕಾಲು. ಇನ್ನು ಒಂಬತ್ತು ಮುಕ್ಕಾಲಿನವರೆಗೆ ಅದು ಸರಿಯಾದ ನಂಬರನ್ನೂ ಕೇಳಿಸಿಕೊಳ್ಳುವುದಿಲ್ಲ.

ಚಲುವಯ್ಯನವರು ಒಂಬತ್ತಕ್ಕೆ ಸರಿಯಾಗಿ ಬಂದರು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಅವರು ಒತ್ತಿದ ಸದ್ದೇ ಬರಲಿಲ್ಲ.

“ಯಾರೋ ನನ್ ನಂಬರ್ ಉಡುಕವ್ರೆ” ಎಂದರು.

ಬೀದಿಯ ಹುಡುಗರ ಮೇಲೆ ಹಾಕಬಹುದಿತ್ತು. ನಯಾಜ್ ಅಂತೂ ಅಲ್ಲಿರಲಿಲ್ಲ. ಆದರೆ ಜಗಲಿಯ ಮೇಲೆ ಸುಶೀಲ ನಿಂತಿದ್ದಳು, ಆಗಲೇ ಬಂದ ನಾಲ್ವರು ಹೆಂಗಸರೂ ಇದ್ದರು. “ನಾನೇ” ಎಂದೆ.

ಅವರು ಬೈಯಲಿಲ್ಲ. “ನೀವು ಯೋಳಿದ್ರಿ ಅಂತ ಹೆಂಡ್ರುಗೂ ಯೋಳಿಲ್ಲ ನಾನು” ಎಂದರು, ಅಷ್ಟೆ. ಆ ಕ್ಷಣ ಭೂಮಿ ಬಾಯಿ ಬಿಟ್ಟಿದ್ದರೆ, ಹಗ್ಗ ಕಟ್ಟಿದ ಕಾರಿನ ಸಮೇತ ಒಳಗೆ ಹೋಗಲು ನಾನು ಸಿದ್ಧನಿದ್ದೆ. ಒಂಬತ್ತೂಕಾಲಿನ ಬಸ್ಸು ತಪ್ಪಿದರೆ ಅವರ ವ್ಯಾಪಾರ ರಾಹುಕಾಲಕ್ಕೆ ಸಿಕ್ಕುತ್ತದೆ. ಕಾರಿನಲ್ಲಿ ಬಿಟ್ಟುಬರೋಣವೆಂದರೆ ನಮ್ಮ ಬಾಗಿಲು ಬೀದಿಯ ತಿರುವಿನವರೆಗೂ ಜೊತೆಗೆ ಬರುವಂತಿರಲಿಲ್ಲ.

“ನೀವು ಹೊರಡಿ ಅಣ್ಣ, ಬಸ್ ತಪ್ಪೀತು. ನನ್ನ ಸ್ವರ ಕೇಳೋ ಯೋಗ ನಂಗಿಲ್ಲ ಅಷ್ಟೆ” ಎಂದ ಸುಶೀಲ, ಅವರು ಕಣ್ಣಲ್ಲೇ ಏಕೆಂದು ಕೇಳಿದ್ದಕ್ಕೆ, ಟಾರ್ಚಿಗೆ ಹೋದ ಸೆಲ್ಲಿನ ಕಥೆಯನ್ನು ಎರಡೇ ವಾಕ್ಯದಲ್ಲಿ ಹೇಳಿದಳು. ಚಲುವಯ್ಯನವರು ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಬಲಗೈ ಮೇಲೆ ಹೊದಿಸಿ, ಅದರಡಿಗೆ ತಮ್ಮ ಕೈಯನ್ನೂ ತೂರಿಸಿದರು.

ದನದ ಸಂತೆ ನೋಡಿದವರಿಗೆ ಇದು ಗೊತ್ತು. ಸುತ್ತ ನಿಂತವರಿಗೆ ಬೆಲೆ ತಿಳಿಯದಿರಲೆಂದು ದಳ್ಳಾಳಿಗಳು ಬಟ್ಟೆಯಡಿಯಲ್ಲಿ ಬೆರಳು ಹಿಡಿದೇ ವ್ಯಾಪಾರ ಮಾಡುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು, ಹಿಡಿದು ಬಿಟ್ಟು ಹೆಬ್ಬೆರಳನ್ನು ಮತ್ತೆ ಒತ್ತಿದರೆ ಆರು. ಹಸುಗಳ ಭಾಗ್ಯವನ್ನು ನಿರ್ಣಯಿಸಿ ಗಟ್ಟಿಯಾದ ಆ ಕೈ ನನ್ನ ಮೃದುವಾದ ಬ್ಯಾಂಕಿನ ಬೆರಳುಗಳನ್ನು ನಾಲ್ಕು ಸಲ ಹಿಡಿಯಿತು, ನಾಲ್ಕು ಸಲ ಬಿಟ್ಟಿತು. ಸಿಕ್ಕಿಬಿದ್ದ ಕಳ್ಳನಿಗೆ ಬೀಗದ ಕೈಯನ್ನೇ ಕೊಟ್ಟು ಅವರು ಬಸ್ಸಿಗೆ ಹೊರಟುಹೋದರು.

ಒಂಬತ್ತು ಮುಕ್ಕಾಲಿಗೆ ಹೆಂಗಸರನ್ನೆಲ್ಲ ಗೋಡೆಯ ಕಡೆ ತಿರುಗಿಸಿ ನಂಬರು ಒತ್ತಿದೆ. ಹನ್ನೊಂದಕ್ಕೆ ಸುಶೀಲಳ ಸ್ವರ ಬಂತು. ಬಾಗಿಲು ಹಗ್ಗದ ಉದ್ದಕ್ಕೆ ತೆರೆದಿದ್ದರಿಂದ ಬಲಗಡೆಯ ಸ್ಪೀಕರೂ ಬಾಯಿ ಬಿಟ್ಟು, ಬಸ್ಸಾರು ಎರಡೂ ಕಡೆಯಿಂದ ಕುದಿಯಿತು. ಕಟ್ಟು ಬಸಿಯುವುದು ಹೇಗೆ, ಖಾರ ಅರೆಯುವುದು ಹೇಗೆ ಎಂದೆಲ್ಲ ವಿವರಿಸಿ, ನಮ್ಮ ಮನೆಯವರಿಗೆ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ತಿಳಿಯುವುದಿಲ್ಲ ಎಂದು ಜಿಲ್ಲೆಗೆಲ್ಲ ಸಾರಿದಳು. ನಾಲ್ವರು ಹೆಂಗಸರೂ ನನ್ನನ್ನು ಕರುಣೆಯಿಂದ ನೋಡಿದರು. ಸುಶೀಲ ಯಾರನ್ನೂ ನೋಡುತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಹತ್ತು ವರ್ಷದ ಹುಡುಗಿಯ ಹಾಗೆ ಕುಳಿತಿದ್ದಳು. ನನಗೆ ಆ ಹೊತ್ತು ಅವಳ ಮೇಲೆ ಹುಟ್ಟಿದ ಪ್ರೀತಿಯನ್ನು ಬಚ್ಚಿಡಲು ಸ್ಕ್ರೂ ಹುಡುಕುವವನಂತೆ ಬಗ್ಗಿದೆ.

ಸಂಜೆ ಚಲುವಯ್ಯನವರಿಗೆ ಫೋನ್ ಮಾಡಿ, ಎಟಿಎಂ ನಂಬರನ್ನು ಕೂಡಲೇ ಬದಲಾಯಿಸಿಕೊಳ್ಳಿ, ನನಗೆ ಗೊತ್ತಾಗಿಬಿಟ್ಟಿದೆ ಎಂದೆ.

“ಈ ವಯಸ್ನಲ್ಲಿ ಒಸಾ ನಂಬರ್ ಎಲ್ಲಿ ಕಲೀಲಿ? ನೀವೇ ಮರ್ತ್‌ಬುಡಿ ಸ್ವಾಮಿ, ಅದೇ ಸಲೀಸು” ಎಂದರು. ಮರೆಯುತ್ತೇನೆಂದು ಮಾತು ಕೊಟ್ಟೆ.

ಓದುಗ ಮಹಾಶಯರೇ, ನೀವು ಎಂದಾದರೂ ಏನನ್ನಾದರೂ ಪ್ರಯತ್ನಪೂರ್ವಕವಾಗಿ ಮರೆತಿದ್ದೀರಾ? ಕನ್ನಡಕ ಇಟ್ಟ ಜಾಗ, ಷಡ್ಡಕನ ಮಗನ ಹೆಸರು, ಮದುವೆಯಾದ ತಾರೀಖು ಇವನ್ನೆಲ್ಲ ಅನಾಯಾಸವಾಗಿ ಮರೆಯುವ ನಾನು, ಆ ನಾಲ್ಕು ಅಂಕಿಗಳನ್ನು ಹಲ್ಲುಜ್ಜುವಾಗಲೂ ಜಪಿಸತೊಡಗಿದೆ. ಇನ್ನೊಬ್ಬರ ಗುಟ್ಟನ್ನು ಕಾಪಾಡುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದೇ ಅಷ್ಟು ವರ್ಷ ಉಪನ್ಯಾಸ ಕೊಟ್ಟಿದ್ದೆ. ಅದು ನನಗೆ ಗೊತ್ತೇ ಇಲ್ಲವೆಂಬಂತೆ ಅವರೆದುರು ಬದುಕುವುದೂ ಅದರಲ್ಲೇ ಸೇರಿದೆಯೆಂದು ಅರುವತ್ತು ದಾಟಿದ ಮೇಲೆ ಕಲಿಯಬೇಕಾಯಿತು.

ರೇಡಿಯೊದವರು ಸುಶೀಲಳನ್ನು ಮತ್ತೆ ಕರೆದರು, ಈ ಸಲ ಉಪ್ಸಾರಿಗೆ. ಪ್ರಸಾರದ ವಾರವೇ ನಮ್ಮ ಬ್ಯಾಟರಿ, ನನ್ನ ಹಸ್ತಕ್ಷೇಪವಿಲ್ಲದೆ, ವಯಸ್ಸಾಗಿ ಸತ್ತಿತು. ನಯಾಜ್ ಹೊಸದನ್ನು ಹಾಕಿದ. ಗಾಜಿನ ಮೇಲೆ ‘ಕೋಡ್’ ಬಂತು. ಅರ್ಧ ನಿಮಿಷದ ಕೆಲಸ. ನನ್ನ ಬೆರಳುಗಳು ತವಕಿಸಿದವು. ಆದರೂ ಒಳಗೆ ಹೋಗಿ ಕೈಲಾಂಚಕ್ಕೆ ಫೋನ್ ಮಾಡಿ, ನಂಬರು ಮರೆತುಹೋಗಿದೆ, ನೀವೇ ಬರಬೇಕು ಎಂದೆ. ಸುಶೀಲ ನನ್ನನ್ನು ಒಮ್ಮೆ ನೋಡಿದಳು, ಕಾಫಿಗೆ ನೀರಿಟ್ಟಳು.

ಪ್ರಸಾರಕ್ಕೆ ಕಾಲು ಗಂಟೆ ಇರುವಾಗ ಚಲುವಯ್ಯನವರು ಬಂದು ಕಾರಿನಲ್ಲಿ ಕುಳಿತರು. ನಾನು ಗೋಡೆಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಸೆಟ್ಟು ಗುರ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗುರ್. ಇನ್ನೊಂದು ತಪ್ಪಿದರೆ ಒಂದು ಗಂಟೆ ಬೀಗ. ಹೆಂಗಸರೆಲ್ಲ ಜಗಲಿಯ ಮೇಲೆ ಕಾಯುತ್ತಿದ್ದರು. ನಾನು ಗೋಡೆಯ ಸುಣ್ಣದ ಬಿರುಕನ್ನು ಕಣ್ಣು ಮಿಟುಕಿಸದೆ ನೋಡಿದೆ.

“ಸ್ವಾಮಿ,” ಎಂದರು ಚಲುವಯ್ಯನವರು, ತಗ್ಗಿದ ದನಿಯಲ್ಲಿ. “ಕೊನೇದು ನಾಕಾ, ಐದಾ?”

ತಿರುಗಿ ನೋಡದೆ, ಅವರಿಗೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಹೇಳಿದೆ. ಅವರು ಒತ್ತಿದರು, ರೇಡಿಯೊ ಮಾತಾಡತೊಡಗಿತು.

“ಮರ್ತೋಗೈತೆ ಅಂದ್ರಲ್ಲ” ಎಂದರು.

“ಮರೆತಿದ್ದೆ” ಎಂದೆ.

“ಊಂ, ನಾನೂವೆ” ಎಂದರು ಅವರು. ಅಷ್ಟರಲ್ಲಿ ಎಡಗಡೆಯ ಸೀಟಿಗೆ ಬಂದು ಕುಳಿತ ಸುಶೀಲ, ಇಬ್ಬರೂ ಸ್ವಲ್ಪ ಸುಮ್ಮನಿರಿ, ನಂದು ಶುರುವಾಗುತ್ತೆ ಎಂದಳು.