ನೀರಿನ ಪಾಳಿ

ಕಾಕಾನ ಎರಡೂ ಅಂಗೈಗಳ ಗೆರೆಗಳಲ್ಲಿ ಕಲ್ಲಿನ ಪುಡಿ ಬೆಳ್ಳಗೆ ಕೂತುಬಿಟ್ಟಿತ್ತು. ಗಣಿ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅದು ಯಾವ ಸೋಪಿಗೂ ಜಗ್ಗಿರಲಿಲ್ಲ.

ಚಿಮ್ಮನಚೋಡದಿಂದ ಶಹಾಬಾದಿನ ಶಾಲೆಗೆ ಟೀಚರಾಗಿ ಬಂದ ನನಗೆ ಅವರು ಪಕ್ಕದ ಮನೆಯವರು. ಹೆಂಡತಿ ತೀರಿದ್ದರು, ಮಕ್ಕಳಿರಲಿಲ್ಲ. ನಾನೂ ಒಂಟಿ. ಭಾನುವಾರ ಮಧ್ಯಾಹ್ನ ಹೋದರೆ ಮೊದಲು ತಂಬಿಗೆ ನೀರು. ನಾನೇ ತರಲು ಎದ್ದರೆ ಸಿಡುಕುತ್ತಿದ್ದರು: "ಕುಂದ್ರವಾ. ನೀರ ನಾ ತರ್ತೀನಿ." ಜ್ವರ ಬಂದು ಮಲಗಿದ್ದಾಗಲೂ ಗೋಡೆ ಹಿಡಿದು ಎದ್ದುಹೋಗಿ ತಾವೇ ಕುಡಿದು ಬಂದರು. ಮುದುಕರ ಮೊಂಡುತನ ಎಂದುಕೊಂಡೆ.

ಇನ್ನೊಂದು ಹುಚ್ಚು ಒಂದು ಸಿನಿಮಾ. ಹಳೇ ಕಾಲದ ಗ್ರೀಕರ ಯುದ್ಧ, ಹಿಂದಿ ಡಬ್ಬಿಂಗು. ಟೀವಿಯಲ್ಲಿ ಬಂದಾಗಲೆಲ್ಲ ನನ್ನನ್ನು ಕೂಗುತ್ತಿದ್ದರು. ಇಕ್ಕಟ್ಟಾದ ಕಣಿವೆಯಲ್ಲಿ ಕೆಂಪು ಹೊದಿಕೆಯ ಕೆಲವೇ ಮಂದಿ ದೊಡ್ಡ ಸೈನ್ಯವನ್ನು ತಡೆಯುತ್ತಾರೆ. ಆಕಾಶಕ್ಕೆ ತಾಮ್ರದ ಬಣ್ಣ. ಚಿಮ್ಮಿದ ರಕ್ತ ಗಾಳಿಯಲ್ಲೇ ನಿಂತು ನಿಧಾನಕ್ಕೆ ಬೀಳುತ್ತದೆ. ನನಗೆ ನಗು. ಕಾಕಾಗೆ ಅಲ್ಲಿನ ಬಂಡೆಗಳ ಮೇಲೆ ಸಿಟ್ಟು: "ಇವೇನು ಕಲ್ಲೇನವಾ? ಥರ್ಮಾಕೋಲ್ ಅದಾವ!" ಎಲ್ಲರೂ ಸಾಯುವ ಮೊದಲು ರಾಜ ಒಬ್ಬನನ್ನು ಮಾತ್ರ ಊರಿಗೆ ಸುದ್ದಿ ಹೇಳೆಂದು ವಾಪಸು ಕಳಿಸುತ್ತಾನೆ. ಅವನು ಹೊರಟೊಡನೆ ಕಾಕಾ ಟೀವಿ ಬಂದ್ ಮಾಡಿಬಿಡುತ್ತಿದ್ದರು.

ಒಮ್ಮೆ ಕೇಳಿಯೇಬಿಟ್ಟೆ: "ಇನ್ನಾ ಮುಗದಿಲ್ಲಲ್ಲ ಕಾಕಾ, ಯಾಕ ಬಂದ್ ಮಾಡ್ತೀರಿ?"

ಕಾಕಾ ರಿಮೋಟು ಕೆಳಗಿಟ್ಟರು. "ಗಣಿಯಾಗ ನಾವು ಐದು ಮಂದಿ. ದಿನಾ ಒಬ್ಬೊಬ್ಬರ ಪಾಳಿ, ನೀರು ತರೋದು. ಅವತ್ತ ನನ್ನ ಪಾಳಿ ಅಲ್ಲ, ಅವರಾಗಿನ ಒಬ್ಬ ದೋಸ್ತಂದು. ಅವ ಕಬ್ಬಿಣದ ಹಾರಿ ಹಾಕಿ ಕಲ್ಲು ಎಬ್ಬಸಲಿಕತ್ತಿದ್ದ. ನೀನೇ ಹೋಗೋ ಅಂದ. ಕೊಡ ತುಂಬಕೊಂಡು ಬರೂದ್ರಾಗ ಮ್ಯಾಲಿನ ಕಲ್ಲು ಕುಸಿದಿತ್ತು. ನಾಕೂ ಮಂದಿ ಅದರ ಬುಡಕ." ಅಂಗೈ ನೋಡಿಕೊಂಡರು. "ಸಿನಿಮಾದವಗ ಸುದ್ದಿ ಹೇಳ್ಲಿಕ್ಕರ ಕಳಿಸಿದ್ರು. ನನಗ ಬರೇ ನೀರಿಗಿ ಕಳಿಸಿದ್ರು. ನಾ ಯಾರಿಗಿ ಏನ್ ಹೇಳ್ಲಿ?"

ಅವತ್ತು ನಾಲ್ವರ ಹೆಸರೂ ಹೇಳಿದರು. ಯಾರ ಬುತ್ತಿಯಲ್ಲಿ ಖಾರ ಭಾರಿ ಇರುತ್ತಿತ್ತು, ಯಾರು ಶಿಳ್ಳೆ ಹಾಕುತ್ತಿದ್ದರು ಎಂಬುದನ್ನೂ ಹೇಳಿದರು. ಹೆಂಡತಿಗೂ ಹೇಳಿರಲಿಲ್ಲವಂತೆ. ಮನೆಗೆ ಬಂದು ನಾನು ಅತ್ತುಬಿಟ್ಟೆ.

ಹೋದ ಬೇಸಿಗೆ ಕಾಕಾ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು, "ಯವ್ವಾ, ಇವತ್ತ ನೀರಿನ ಪಾಳಿ ನಿಂದು" ಎಂದರು. ಒಮ್ಮೆಯೂ ಹಾಗೆ ಕೇಳಿದವರಲ್ಲ. ಖುಷಿಯಿಂದ ಒಳಗೆ ಓಡಿದೆ. ತಂಬಿಗೆ ತುಂಬಿಸಿಕೊಂಡು ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು.

ಅವರು ನನ್ನನ್ನು ಬರೀ ನೀರಿಗೆ ಕಳಿಸಿರಲಿಲ್ಲ ಎಂದು ನಂಬಿ ಇದನ್ನು ಬರೆದಿದ್ದೇನೆ.